ಎರಡು ದೊಡ್ಡ ಕಂಬಳದ ನಡುವೆ ಕೋಣ ಇಳಿಸುವುದೋ, ಹಟ್ಟಿಯಲ್ಲೇ ಬಿಡುವುದೋ?

ಮೂಡುಬಿದಿರೆ ಕಂಬಳದಲ್ಲಿ ಮೆಡಲ್ ಬಂದಿದೆ. ಮುಂದಿನ ಆಸೆ ಐಕಳ ಕಂಬಳದ್ದು. ನಡುವೆ ನಾಲ್ಕೋ ಐದೋ ಶನಿವಾರ ಉಂಟು, ಒಂದೊಂದು ಶನಿವಾರಕ್ಕೂ ಒಂದೊಂದು ಕಂಬಳ, ಅದರಲ್ಲಿ ಎರಡಾದರೂ ಹೆಸರಿನ ಕಂಬಳವೇ. ಎಲ್ಲದಕ್ಕೂ ಹೋಗುವುದಾ, ಒಂದೆರಡು ಬಿಡುವುದಾ? ದೀಪಾವಳಿ ಕಳೆದು ಕುದಿ ಕಂಬಳ, ಅಂದರೆ ಸೀಸನಿಗೆ ಮೊದಲಿನ ಅಭ್ಯಾಸದ ಓಟ, ಸುರುವಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಹೆಚ್ಚಾಗಿ ಕೇಳುವವರು ಹೊಸದಾಗಿ ಕೋಣ ಕಟ್ಟಿದವರು. ಗಲ್ಫಿನಿಂದ ವಾಪಸು ಬಂದವರು, ಮುಂಬಯಿಯ ಹೋಟೆಲು ಮಕ್ಕಳಿಗೆ ಬಿಟ್ಟು ಊರಿಗೆ ಬಂದವರು, ಅಜ್ಜನ ಕಾಲದಲ್ಲಿ ನಿಂತದ್ದನ್ನು ಮತ್ತೆ ಎಬ್ಬಿಸಿದವರು.

ನಾನು ಕರೆಯಲ್ಲಿ, ಅಂದರೆ ಕೋಣ ಓಡುವ ಕೆಸರಿನ ಹಾದಿಯಲ್ಲಿ, ಓಡಿದವನಲ್ಲ. ಮಾವನ ಹಟ್ಟಿಯಲ್ಲಿ ಎಣ್ಣೆ ತಿಕ್ಕಿದವ, ಹುರುಳಿ ಬೇಯಿಸಿದವ, ಲಾರಿಯ ಹಿಂದೆ ಕೂತು ನಿದ್ದೆಗೆಟ್ಟವ. ಹಾಗಾಗಿ ಓಟ ಮುಗಿಯುವ ಮಂಜೊಟ್ಟಿಯ ಕಡೆಯಿಂದ ಅಲ್ಲ, ಹಟ್ಟಿಯ ಕಡೆಯಿಂದ ಹೇಳುತ್ತೇನೆ.

ಈ ಗೊಂದಲ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಕುದುರೆ ರೇಸಿನಲ್ಲಿ ಮೂರು ವರ್ಷದ ಕುದುರೆಗಳಿಗೆ ಮೂರು ದೊಡ್ಡ ಓಟಗಳುಂಟು: ಮೇ ತಿಂಗಳ ಮೊದಲ ಶನಿವಾರ ಕೆಂಟಕಿ ಡರ್ಬಿ, ಎರಡು ವಾರ ಕಳೆದು ಪ್ರೀಕ್‌ನೆಸ್, ಮತ್ತೆ ಮೂರು ವಾರಕ್ಕೆ ಬೆಲ್ಮಾಂಟ್. ಮೂರನ್ನೂ ಗೆದ್ದರೆ ತ್ರಿಪಲ್ ಕ್ರೌನ್. 1978ರಲ್ಲಿ ಅಫರ್ಮ್ಡ್ ಎಂಬ ಕುದುರೆ ಗೆದ್ದ ಮೇಲೆ ಮತ್ತೊಂದು ಗೆಲ್ಲಲು 2015ರ ಅಮೆರಿಕನ್ ಫೇರೋವರೆಗೆ ಕಾಯಬೇಕಾಯಿತು. 2025ರಲ್ಲಿ ಬಿಲ್ ಮಾಟ್ ಎಂಬ ತರಬೇತುದಾರರ ಸಾವರಿನ್ಟಿ ಡರ್ಬಿ ಗೆದ್ದಿತು. ಆದರೆ ಮಾಟ್ ಅದನ್ನು ಪ್ರೀಕ್‌ನೆಸ್‌ಗೆ ಕಳಿಸಲೇ ಇಲ್ಲ. ತ್ರಿಪಲ್ ಕ್ರೌನಿನ ಆಸೆಯನ್ನು ಕೈಯಾರೆ ಬಿಟ್ಟರು. ಐದು ವಾರ ಬಿಟ್ಟು ಬೆಲ್ಮಾಂಟ್‌ಗೆ ಇಳಿಸಿದರು, ಗೆದ್ದರು. ಅದೇ ವರ್ಷ ಜರ್ನಲಿಸಂ ಎಂಬ ಇನ್ನೊಂದು ಕುದುರೆ ಮೂರಕ್ಕೂ ಓಡಿತು: ಡರ್ಬಿಯಲ್ಲಿ ಎರಡನೆಯದು, ಪ್ರೀಕ್‌ನೆಸ್‌ನಲ್ಲಿ ಮೊದಲು, ಬೆಲ್ಮಾಂಟ್‌ನಲ್ಲಿ ಮತ್ತೆ ಎರಡನೆಯದು.

ಇದನ್ನು ಕೇಳಿದ ಕೂಡಲೇ "ಬಿಡುವುದೇ ಸರಿ" ಅಂತ ಹೇಳಲು ಹೊರಟರೆ ತಪ್ಪುತ್ತದೆ. 2022ರಲ್ಲಿ ರಿಚ್ ಸ್ಟ್ರೈಕ್ ಎಂಬ, ಯಾರೂ ಲೆಕ್ಕಕ್ಕೆ ಹಿಡಿಯದ ಕುದುರೆ ಡರ್ಬಿ ಗೆದ್ದು, ಅದೂ ಪ್ರೀಕ್‌ನೆಸ್ ಬಿಟ್ಟು, ಬೆಲ್ಮಾಂಟ್‌ನಲ್ಲಿ ಆರನೆಯದಾಯಿತು. ಬಿಟ್ಟವ ಗೆದ್ದದ್ದೂ ಉಂಟು, ಬಿಟ್ಟವ ಸೋತದ್ದೂ ಉಂಟು, ಎಲ್ಲದಕ್ಕೂ ಓಡಿದವ ಮೂರು ಬಹುಮಾನ ಮನೆಗೆ ತಂದದ್ದೂ ಉಂಟು. ಹಾಗಾದರೆ ನೋಡಬೇಕಾದ್ದು ಬೇರೆ ಏನೋ.

ಮೊದಲು ಲೆಕ್ಕ ಸರಿ ಮಾಡುವ

ನಮ್ಮವರು ಲೆಕ್ಕ ಹಾಕುವುದು ಕಂಬಳದಲ್ಲಿ. "ಈ ವರ್ಷ ಹತ್ತಕ್ಕೆ ಹೋಗಿದ್ದೇವೆ, ಹನ್ನೆರಡಕ್ಕೆ ಹೋಗಿದ್ದೇವೆ" ಅಂತ. ಕೋಣದ ಕಾಲಿಗೆ ಆ ಲೆಕ್ಕ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಸಲ ಓಡಿದೆ ಅಂತ ಮಾತ್ರ.

ಜೋಡುಕರೆಯಲ್ಲಿ, ಅಂದರೆ ಅಕ್ಕಪಕ್ಕದ ಎರಡು ಕರೆಯಲ್ಲಿ, ಎರಡೆರಡು ಜೋಡಿ ಬಿಟ್ಟು, ಸೋತವರನ್ನು ಕಳೆಯುತ್ತ ಹೋದರೆ, ಮೊದಲ ಸುತ್ತಲ್ಲೇ ಸೋತ ಜೋಡಿಗೆ ಆ ದಿನ ಒಂದೇ ಓಟ. ಫೈನಲ್‌ಗೆ ಬಂದ ಜೋಡಿಗೆ? 16 ಜೋಡಿ ಇದ್ದರೆ ನಾಲ್ಕು ಓಟ, 32 ಇದ್ದರೆ ಐದು, 64 ಇದ್ದರೆ ಆರು. ಈಗ ವಿಚಿತ್ರ ನೋಡಿ. ಎಲ್ಲಕ್ಕಿಂತ ಹೆಚ್ಚು ಜೋಡಿ ಬರುವುದು ಎಳೆಯ ಕೋಣಗಳ ನೇಗಿಲು ಕಿರಿಯ ವಿಭಾಗಕ್ಕೆ. ದೊಡ್ಡ ಕೋಣಗಳ ಹಗ್ಗ ಹಿರಿಯದಲ್ಲಿ ಜೋಡಿ ಕಡಿಮೆ, ಹಲಗೆಯ ಮೇಲೆ ನಿಂತು ಓಡಿಸುವ ಅಡ್ಡ ಹಲಗೆ, ಕನೆಹಲಗೆ ವಿಭಾಗಗಳಲ್ಲಿ ಬೆರಳಲ್ಲಿ ಎಣಿಸಬಹುದು. ಅಂದರೆ ಪಳಗಿದ, ಮಾಂಸ ಗಟ್ಟಿಯಾದ ದೊಡ್ಡ ಕೋಣಗಳಿಗೆ ಕಡಿಮೆ ಓಟ, ಇನ್ನೂ ಎಲುಬು ಬಲಿಯುತ್ತಿರುವ ಎಳೆಯ ಜೋಡಿಗೆ ಹೆಚ್ಚು ಓಟ. ಆ ಎಳೆಯದು ಚೆನ್ನಾಗಿ ಓಡಿದಷ್ಟೂ ಇನ್ನೂ ಹೆಚ್ಚು ಓಟ.

ಹಾಗಾಗಿ ನನ್ನ ಮಾತು ಇಷ್ಟೇ: ಬಿಡುವ ಪ್ರಶ್ನೆ ಗೆಲ್ಲುವವರದ್ದು. ಮೊದಲ ಎರಡು ಸುತ್ತಲ್ಲಿ ಹೊರಬೀಳುವ ಜೋಡಿಗೆ ವಾರ ವಾರ ಹೋದರೂ ಕಾಲಿಗೆ ದೊಡ್ಡ ಹೊರೆ ಇಲ್ಲ. ಅದಕ್ಕೆ ಬೇಕಾದ್ದು ಕರೆಯ ಅಭ್ಯಾಸ, ಜನ, ಕೊಂಬು ವಾದ್ಯ, ಮೈಕಿನ ಗಲಾಟೆಗೆ ಹೊಂದಿಕೊಳ್ಳುವುದು. ಮೆಡಲ್ ತರುವ ಜೋಡಿಗೆ ಅದೆಲ್ಲ ಬಂದಿದೆ, ಅದಕ್ಕೆ ಬೇಕಾದ್ದು ನಿದ್ದೆ. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಸೋತವರು ಬೇಸರದಲ್ಲಿ ಮನೆಯಲ್ಲಿ ಕೂರುತ್ತಾರೆ, ಗೆದ್ದವರು ಉಮೇದಿನಲ್ಲಿ ಮುಂದಿನ ಶನಿವಾರವೂ ಲಾರಿ ಹತ್ತಿಸುತ್ತಾರೆ.

ಓಟ ಅಂದರೆ ಎಷ್ಟು ಹೊತ್ತು ಅಂತ ಕೇಳಬಹುದು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ದೇಶಕ್ಕೇ ಸುದ್ದಿಯಾಯಿತು. ಎಲ್ಲರೂ ಓಡಿದ ಮನುಷ್ಯನನ್ನು ನೋಡಿದರು, ಉಸೇನ್ ಬೋಲ್ಟ್‌ಗೆ ಹೋಲಿಸಿದರು. ಮುಂದೆ ಎಳೆದದ್ದು ಎರಡು ಕೋಣ ಅಂತ ನೆನಪಿಟ್ಟವರು ಕಡಿಮೆ. ಹದಿಮೂರು ಸೆಕೆಂಡು ಸಣ್ಣದೇ. ಆದರೆ ಆ ಹದಿಮೂರು ಸೆಕೆಂಡಿನ ಹಿಂದೆ ಶನಿವಾರ ಲಾರಿ ಹತ್ತಿದಲ್ಲಿಂದ ಭಾನುವಾರ ಇಳಿಯುವವರೆಗೆ ಇಡೀ ದಿನ ಉಂಟು. 24 ಗಂಟೆಯೊಳಗೆ ಮುಗಿಸಬೇಕೆಂದು ಕಂಬಳ ಸಮಿತಿಯವರು ಹೇಳುತ್ತಲೇ ಬಂದಿದ್ದಾರೆ. ಗಂತಿನಲ್ಲಿ, ಅಂದರೆ ಓಟ ಸುರುವಾಗುವ ತುದಿಯಲ್ಲಿ, ಕೋಣ ಬಿಡಲು ತಡ ಮಾಡುವವರು ಇರುವವರೆಗೆ ಅದು ಆಗುವ ಹಾಗೆ ಕಾಣುವುದಿಲ್ಲ.

ಕೋಣ ಮೆಲುಕು ಹಾಕುವ ಪ್ರಾಣಿ. ಮಲಗಿ ಮೆಲುಕು ಹಾಕಲು ದಿನಕ್ಕೆ ಏಳೆಂಟು ಗಂಟೆ ಬೇಕು. ಹೊನಲು ಬೆಳಕಿನ ಕೆಳಗೆ, ಮೈಕಿನ ಪಕ್ಕ ಅದು ಆಗುವುದಿಲ್ಲ. ಮತ್ತೆ ದನಗಳಿಗಿಂತ ಎಮ್ಮೆ ಕೋಣಗಳಿಗೆ ಬೆವರಿನ ಗ್ರಂಥಿ ಕಡಿಮೆ, ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ. ನೀರಲ್ಲಿ ಬಿದ್ದರೇ ತಂಪು. ಸೆಮಿಫೈನಲ್, ಫೈನಲ್ ನಡೆಯುವುದು ಭಾನುವಾರ ಬಿಸಿಲೇರಿದ ಮೇಲೆ. ಡಿಸೆಂಬರಿನಲ್ಲಿ ಅದನ್ನು ತಡೆದುಕೊಳ್ಳುತ್ತವೆ. ಮಾರ್ಚಿನಲ್ಲಿ ಅದೇ ಓಟ ಬೇರೆಯೇ ಓಟ.

ಇನ್ನು ನೋಡಬೇಕಾದವು: ಕೋಣದ ಹಲ್ಲು, ಅಂದರೆ ಪ್ರಾಯ. ದಾರಿಯ ದೂರ. ಕರೆಯ ಮಣ್ಣು, ಯಾಕೆಂದರೆ ಹೊಯ್ಗೆ (ಮರಳು) ಹೆಚ್ಚಿರುವ ಕರೆ ಬೇರೆ, ಕಾಲು ಹಿಡಿದೆಳೆಯುವ ಕೆಸರು ಬೇರೆ. ಓಡಿಸುವವ ಸಿಗುತ್ತಾನೋ ಇಲ್ಲವೋ. ಕಿಸೆ. ಕೊನೆಗೆ ದಾಕ್ಷಿಣ್ಯ. ಅದನ್ನು ಕೊನೆಗೆ ಬರೆದದ್ದು ಸಣ್ಣದೆಂದಲ್ಲ. ಒಳ್ಳೆಯ ಕೋಣಗಳು ಹಾಳಾಗುವುದು ಹೆಚ್ಚಾಗಿ ಅದರಿಂದಲೇ.

ಎಲ್ಲ ಕಂಬಳಕ್ಕೂ ಇಳಿಸುವುದು

ಇದರ ಲಾಭ ಸುಳ್ಳಲ್ಲ. ಕೋಣಗಳಿಗೆ ಒಂದು ಲಯ ಸಿಗುತ್ತದೆ. ಓಡಿಸುವವನಿಗೂ ಜೋಡಿಗೂ ಹೊಂದಿಕೆ ಬರುತ್ತದೆ, ಎಡದ್ದು ಎಲ್ಲಿ ತಗ್ಗುತ್ತದೆ, ಬಲದ್ದು ಎಲ್ಲಿ ಹೊರಗೆ ವಾಲುತ್ತದೆ ಅಂತ ಅವನ ಕೈಗೆ ಗೊತ್ತಾಗುತ್ತದೆ. ಒಳ್ಳೆಯ ಓಟಗಾರ ಒಂದೇ ರಾತ್ರಿ ಮೂರು ನಾಲ್ಕು ಯಜಮಾನರ ಕೋಣ ಓಡಿಸುತ್ತಾನೆ. ನೀವು ಎರಡು ವಾರ ಕಾಣದಿದ್ದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬಂದಿರುತ್ತಾರೆ. ವರ್ಷದ ಕೊನೆಗೆ ಯಾವ ಜೋಡಿಗೆ ಎಷ್ಟು ಮೆಡಲ್ ಅಂತ ಎಣಿಸುವಾಗ ಹೋಗದ ಕಂಬಳದ ಮೆಡಲ್ ಸಿಗುವುದಿಲ್ಲ, ಅದೂ ಸತ್ಯ.

ಆದರೆ ಒಂದು ವರ್ಷ ನಾವು ಇದನ್ನೇ ಮಾಡಿದೆವು. ನೇಗಿಲು ಕಿರಿಯದ ಜೋಡಿ, ಎರಡು ವಾರ ಮೆಡಲ್ ಬಂತು. ಮನೆಯಲ್ಲಿ ಹಬ್ಬ. ಮಾವ ಬೇಡ ಅಂದರೂ ನಾವು ಹುಡುಗರು ಬಿಡಲಿಲ್ಲ, ಆರು ವಾರ ಸತತ ಹೋದೆವು. ನಾಲ್ಕನೇ ವಾರ ಸೆಮಿಯಲ್ಲಿ ಸೋತೆವು, ಐದನೇ ವಾರ ಮೂರನೇ ಸುತ್ತಲ್ಲಿ. ನಾವು ಓಡಿಸುವವನನ್ನು ಬೈದೆವು, ಬದಲಿಸಿದೆವು. ಆರನೇ ವಾರ ಬಲದ ಕೋಣ ಮುಕ್ಕಾಲು ಕರೆಯಲ್ಲಿ ಕಾಲು ಎಳೆಯಿತು. ಲಾರಿಯಿಂದ ಇಳಿಸುವಾಗ ನೋಡಿದರೆ ಮುಂಗಾಲಿನ ಗೆಣ್ಣು ಊದಿದೆ. ಗೊರಸಿನ ಮೇಲೆ ಕೈ ಇಟ್ಟರೆ ಬಿಸಿ. ಆ ಸೀಸನ್ ಅಲ್ಲಿಗೆ ಮುಗಿಯಿತು. ಊತ ಒಂದೇ ದಿನದ್ದಲ್ಲ ಅಂತ ವೆಟರ್ನರಿ ಡಾಕ್ಟರು ಹೇಳಿದರು. ಮಾವ ಏನೂ ಹೇಳಲಿಲ್ಲ, ಅದೇ ಹೆಚ್ಚು ನೋವಾದದ್ದು.

ದಣಿದ ಕೋಣದ ಇನ್ನೊಂದು ಕಷ್ಟ ಬೆತ್ತ. ಕೋಣ ತನ್ನಿಂದ ತಾನೇ ಓಡದಿದ್ದರೆ ಓಡಿಸುವವನ ಕೈ ಮೇಲೇಳುತ್ತದೆ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನಮ್ಮ ಕರೆಗಳು ಒಣಗಿದ್ದು, 2017ರ ತಿದ್ದುಪಡಿ ಕಾನೂನಿನಿಂದ ಮತ್ತೆ ನೀರು ತುಂಬಿದ್ದು, 2023ರ ಮೇ 18ಕ್ಕೆ ಸಂವಿಧಾನ ಪೀಠ ಆ ಕಾನೂನನ್ನು ಎತ್ತಿಹಿಡಿದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಹಿಂಸೆ ಮಾಡುವುದಿಲ್ಲ ಅಂತ ಮಾತು ಕೊಟ್ಟೇ ಕರೆಗೆ ಇಳಿಯುತ್ತಿರುವುದು ನಾವು. ದಣಿವಾರಿದ ಕೋಣಕ್ಕೆ ಬೆತ್ತ ತೋರಿಸಿದರೆ ಸಾಕು.

ಯಾರಿಗೆ ಇದು ಆಗುತ್ತದೆ? ಮೊದಲ ವರ್ಷದ, ಇನ್ನೂ ಗೆಲ್ಲಲು ಸುರುಮಾಡದ ಜೋಡಿಗೆ. ಮನೆಯಿಂದ ಒಂದು ಗಂಟೆಯೊಳಗಿನ ಕಂಬಳಗಳಿಗೆ. ಜನವರಿವರೆಗೆ.

ವಾರ ಬಿಟ್ಟು ವಾರ

ಕೇಳಲು ಇದು ಬಹಳ ಸಮಾಧಾನದ ದಾರಿ, ಹೆಚ್ಚಿನವರು ಕೊನೆಗೆ ಇಲ್ಲಿಗೇ ಬರುತ್ತಾರೆ. ಹದಿನಾಲ್ಕು ದಿನ ಸಿಕ್ಕಿದರೆ ಮೂರು ನಾಲ್ಕು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ಈಜು, ಎಣ್ಣೆ, ಸಣ್ಣ ನಡಿಗೆ, ಕೊನೆಯ ವಾರ ಮನೆಯ ಗದ್ದೆಯಲ್ಲಿ ಒಂದೆರಡು ಓಟ, ಎಲ್ಲದಕ್ಕೂ ಸಮಯ ಉಂಟು. ಲಾರಿ ಬಾಡಿಗೆ, ಆಳುಗಳ ಊಟ, ಬಟಾ ಅರ್ಧವಾಗುತ್ತದೆ. ಒಂದು ಕಂಬಳಕ್ಕೆ ಹತ್ತು ಹದಿನೈದು ಜನ ಹೋಗುವ ಮನೆಗೆ ಇದು ಸಣ್ಣ ಉಳಿತಾಯವಲ್ಲ. ಪವನ್ (ಎಂಟು ಗ್ರಾಂ ಚಿನ್ನ) ಲೆಕ್ಕದ ಬಹುಮಾನದಲ್ಲಿ ಕೋಣ ಸಾಕಿದ ಖರ್ಚು ಹುಟ್ಟುವುದಿಲ್ಲ ಅಂತ ಕೋಣ ಸಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ತೊಂದರೆ ಏನೆಂದರೆ ಕ್ಯಾಲೆಂಡರ್ ನಿಮ್ಮ ಹಟ್ಟಿ ನೋಡಿ ಬರೆದದ್ದಲ್ಲ. ಬಿಡುವ ವಾರಕ್ಕೇ ನಿಮ್ಮ ಕೋಣಕ್ಕೆ ಒಗ್ಗುವ ಕರೆ ಬರುತ್ತದೆ, ಹೋಗುವ ವಾರಕ್ಕೆ ಎಪ್ಪತ್ತು ಕಿಲೋಮೀಟರ್ ದೂರದ್ದು ಬರುತ್ತದೆ. ಹೋದ ವಾರ ಮೊದಲ ಸುತ್ತಲ್ಲೇ ಸೋತು ಒಂದೇ ಓಟ ಓಡಿದ ಕೋಣವನ್ನು ಹದಿನಾಲ್ಕು ದಿನ ಕಟ್ಟಿಹಾಕುವುದಕ್ಕೂ ಅರ್ಥವಿಲ್ಲ, ಆರು ಓಟ ಓಡಿದ ಕೋಣಕ್ಕೆ ಹದಿನಾಲ್ಕು ದಿನ ಸಾಕು ಅಂತ ಕಣ್ಣುಮುಚ್ಚಿ ನಂಬುವುದಕ್ಕೂ ಅರ್ಥವಿಲ್ಲ.

ದೊಡ್ಡದನ್ನೇ ಬಿಡುವುದು

ಬಿಲ್ ಮಾಟ್ ಮಾಡಿದ್ದು ಇದು. ಸಣ್ಣದನ್ನು ಬಿಡುವುದು ಯಾರಿಗೂ ಸುಲಭ. ಹೆಸರಿನ ಕಂಬಳವನ್ನೇ, ಗೆಲ್ಲುವ ಅಂದಾಜು ಇದ್ದಾಗಲೇ ಬಿಡುವುದಕ್ಕೆ ಎದೆ ಬೇಕು. ಕುದುರೆಯವರಿಗೆ ಒಂದು ಅನುಕೂಲ ಉಂಟು: ಅವರ ಓಟದಲ್ಲಿ ಒಂದು ದಿನಕ್ಕೆ ಒಂದೇ ಓಟ, ಎರಡು ಕಿಲೋಮೀಟರ್ ಆಸುಪಾಸು, ಆಮೇಲೆ ಲಾಯಕ್ಕೆ. ಹಾಗಾಗಿ ಅವರಿಗೆ ಓಟದ ಲೆಕ್ಕವೂ ರೇಸಿನ ಲೆಕ್ಕವೂ ಒಂದೇ. ಬಹುಮಾನದ ದುಡ್ಡು, ಆಮೇಲೆ ತಳಿಗೆ ಬಿಡುವಾಗಿನ ಬೆಲೆ, ಎರಡನ್ನೂ ತೂಗಿ ನೋಡುತ್ತಾರೆ. ನಮ್ಮ ಕೋಣಕ್ಕೆ ಅಂಥ ಎರಡನೇ ಬದುಕಿಲ್ಲ. ಬೆಲೆ ಏರುವುದು ಕರೆಯ ಹೆಸರಿನಿಂದ, ಇಳಿಯುವುದು ಕಾಲಿನಿಂದ.

ಈ ದಾರಿ ಹಿಡಿಯುವುದಾದರೆ ಬಿಡಬೇಕಾದ್ದು ಯಾವುದು? ದೊಡ್ಡ ಗುರಿಗೆ ಎಲ್ಲಕ್ಕಿಂತ ಹತ್ತಿರ ಇರುವ ಶನಿವಾರದ್ದು. ಅದು ದೂರದ್ದೂ ಆಗಿದ್ದರೆ ಎರಡು ಸಲ ಯೋಚಿಸಬೇಕಾಗಿಲ್ಲ. ಪುತ್ತೂರಿನ ಕೋಟಿ-ಚೆನ್ನಯ ಕಂಬಳ ನಿಮ್ಮ ಗುರಿ, ನೀವು ಬೆಳ್ತಂಗಡಿ ಕಡೆಯವರು ಅಂತಿಟ್ಟುಕೊಳ್ಳಿ. ಅದರ ಹಿಂದಿನ ಶನಿವಾರ ಉಡುಪಿ ಕಡೆಯ ಕಂಬಳ ಬಂದರೆ ಅದನ್ನು ಬಿಡಿ. ಉಡುಪಿ ಹತ್ತಿರದ ಕಟಪಾಡಿಯವರಿಗೆ ಲೆಕ್ಕ ಉಲ್ಟಾ.

2023ರ ನವೆಂಬರ್ 25, 26ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ಆದಾಗ ಎಷ್ಟೋ ಹಟ್ಟಿಯಲ್ಲಿ ಇದೇ ಚರ್ಚೆ. ಘಾಟಿ ಹತ್ತಿ ಮುನ್ನೂರೈವತ್ತು ಕಿಲೋಮೀಟರ್, ಹೋಗಿ ಬಂದು ಅದರ ಎರಡು ಪಾಲು, ನೀರು ಬೇರೆ, ಹವೆ ಬೇರೆ, ಇತ್ತ ಸೀಸನ್ ಈಗಷ್ಟೇ ಕಣ್ಣು ಬಿಡುವ ಹೊತ್ತು. ಹೋದವರನ್ನು ತಪ್ಪು ಅನ್ನುವುದಿಲ್ಲ, ಅದು ಇತಿಹಾಸ. ನನ್ನ ಕೇಳಿದರೆ ಅಂಥ ಪಯಣಕ್ಕೆ ಮುಂದೆ ಎರಡು ವಾರ, ಹಿಂದೆ ಎರಡು ವಾರ ಖಾಲಿ ಇಡಬೇಕು. ಅಷ್ಟು ಇಡಲು ಆಗದವರು ಟಿವಿಯಲ್ಲಿ ನೋಡಬಹುದು.

ಕಷ್ಟ ಇರುವುದು ದಾಕ್ಷಿಣ್ಯದಲ್ಲಿ. ಕುದುರೆಯವರಿಗೆ ಇದು ಇಲ್ಲ. ಪ್ರೀಕ್‌ನೆಸ್ ನಡೆಸುವವರು ಮಾಟ್ ಅವರ ಮಗಳ ಮದುವೆಗೆ ಬರುವ ನೆಂಟರಲ್ಲ. ಇಲ್ಲಿ ಹಾಗಲ್ಲ. ಕಂಬಳದ ಯಜಮಾನರು ಮನೆಗೆ ಬಂದು, ಚಾ ಕುಡಿದು, ಆಮಂತ್ರಣ ಕೊಟ್ಟು ಹೋಗಿರುತ್ತಾರೆ. ಅವರ ಕೋಣ ನಮ್ಮೂರ ಕಂಬಳಕ್ಕೆ ಬಂದಿರುತ್ತದೆ. ನಾವು ಹೋಗದಿದ್ದರೆ ಮುಂದಿನ ವರ್ಷ ಅವರು ಬರುವುದಿಲ್ಲ. "ಮೆಡಲ್ ಬಂದ ಮೇಲೆ ಇವರಿಗೆ ಕೊಬ್ಬು" ಅನ್ನುವ ಮಾತೂ ಬರುತ್ತದೆ. ಇದಕ್ಕೆ ಹಳಬರು ಕಂಡುಕೊಂಡ ಉಪಾಯ ಉಂಟು: ಓಡುವ ಜೋಡಿಯನ್ನು ಮನೆಯಲ್ಲಿ ಬಿಟ್ಟು ಇನ್ನೊಂದು ಜೋಡಿ ಕೊಂಡುಹೋಗುವುದು. ಇನ್ನೊಂದು ಜೋಡಿ ಇಲ್ಲದಿದ್ದರೆ ಕೋಣದ ಯಜಮಾನರೇ ಸ್ವತಃ ಹೋಗಿ ಸಂಜೆವರೆಗೆ ಕೂತು ಬರುವುದು. ಕೋಣ ಬಾರದ್ದು ಒಂದು ವಾರದಲ್ಲಿ ಮರೆತುಹೋಗುತ್ತದೆ. ಯಜಮಾನ ಬಾರದ್ದು ಮರೆಯುವುದಿಲ್ಲ.

ಒಂದನ್ನು ಮಾತ್ರ ಬಿಡಬೇಡಿ, ನಿಮ್ಮ ಊರಿನ ಕರೆ, ನಿಮ್ಮ ದೈವದ ಕಂಬಳ. ವಂಡಾರಿನಂಥ ಸಾಂಪ್ರದಾಯಿಕ ಕಂಬಳಕ್ಕೆ ಹರಕೆ ಹೇಳಿ ಕೋಣ ಇಳಿಸುವುದಿದ್ದರೆ ಅದು ಈ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಮೆಡಲ್ ಇಲ್ಲ, ಸುತ್ತಿಲ್ಲ. ಒಂದು ಸಲ ಇಳಿಸಿ, ನಮಸ್ಕಾರ ಮಾಡಿ ಬಂದರಾಯಿತು.

ಎರಡು ಜೋಡಿ ಕಟ್ಟುವುದು

ಇದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಹೆಚ್ಚು ಬರೆಯುವುದೂ ಇಲ್ಲ. ಒಂದು ಜೋಡಿ ಈ ವಾರ, ಒಂದು ಮುಂದಿನ ವಾರ. ದಾಕ್ಷಿಣ್ಯವೂ ಉಳಿಯಿತು, ಕಾಲೂ ಉಳಿಯಿತು, ಓಡಿಸುವವನೂ ಕೈ ತಪ್ಪುವುದಿಲ್ಲ. ಆದರೆ ಹುರುಳಿ, ಬೈಹುಲ್ಲು, ಎಣ್ಣೆ, ಆಳು, ಎಲ್ಲ ಎರಡು ಪಾಲು, ಅದೂ ಮಳೆಗಾಲದಲ್ಲಿ ಒಂದೂ ಓಟ ಇಲ್ಲದಾಗಲೂ. ಸಾಲ ಮಾಡಿ ಎರಡನೇ ಜೋಡಿ ಕಟ್ಟಿದವರು ಮೂರನೇ ವರ್ಷ ಎರಡನ್ನೂ ಮಾರಿದ್ದು ನೋಡಿದ್ದೇನೆ. ಹಟ್ಟಿಗೆ ಒಬ್ಬ ನಂಬಿಕಸ್ಥ ಆಳು ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಹೋಗಿ, ನಡುವೆ ನಿಲ್ಲಿಸುವುದು

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮಾಡುವವರಿದ್ದಾರೆ. ಕಂಬಳಕ್ಕೆ ಹೋಗುವುದು, ಎರಡು ಸುತ್ತು ಓಡುವುದು, ಕೋಣ ತಡವರಿಸಿದರೆ ಮುಂದಿನ ಸುತ್ತಿಗೆ ಇಳಿಸದೆ ಎದುರಾಳಿಗೆ ಬಿಟ್ಟುಕೊಡುವುದು. ಓಟದ ಲೆಕ್ಕ ಕಡಿಮೆಯಾಗುತ್ತದೆ, ಕಂಬಳದ ಯಜಮಾನರಿಗೆ ಮುಖ ತೋರಿಸಿದ್ದೂ ಆಗುತ್ತದೆ. ಆದರೆ ಲಾರಿ, ನಿದ್ದೆಗೇಡು, ಖರ್ಚು ಯಾವುದೂ ಕಡಿಮೆಯಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಮನಸ್ಸಿನದ್ದು: ಮೂರನೇ ಸುತ್ತಿಗೆ ಹೆಸರು ಕರೆದಾಗ, ಹಿಂದೆ ನಿಂತ ಹುಡುಗರು ಕೂಗುವಾಗ "ಬೇಡ, ಲಾರಿಗೆ ಹತ್ತಿಸಿ" ಅನ್ನುವ ಯಜಮಾನ ನೂರಕ್ಕೊಬ್ಬ. ಆ ಒಬ್ಬ ನೀವಾದರೆ ಮಾತ್ರ ಈ ದಾರಿ.

ಹಾಗಾದರೆ ನಿಮಗೆ ಯಾವುದು?

ಹೊಸ ಜೋಡಿ, ಸಣ್ಣ ಕಿಸೆ, ಇನ್ನೂ ಮೆಡಲ್ ಇಲ್ಲ ಅಂತಾದರೆ ಹತ್ತಿರದ್ದೆಲ್ಲ ಹೋಗಿ, ದೂರದ್ದೆಲ್ಲ ಬಿಡಿ. ನೇಗಿಲು ಕಿರಿಯದಲ್ಲಿ ಗೆಲ್ಲಲು ಸುರುಮಾಡಿದ ಎಳೆಯ ಜೋಡಿಗೆ ನಾನು ಎಲ್ಲಕ್ಕಿಂತ ಬಿಗಿ. ಎರಡು ಸತತ ಕಂಬಳ ಸೇರಿ ಎಂಟು ಓಟ ದಾಟಿದರೆ ಮುಂದಿನ ಶನಿವಾರ ಹಟ್ಟಿಯಲ್ಲಿ, ಅದು ಎಷ್ಟು ದೊಡ್ಡ ಕಂಬಳವಾದರೂ ಸರಿ. ಎಂಟು ಅನ್ನುವುದು ಶಾಸ್ತ್ರವಲ್ಲ, ನಮ್ಮ ಹಟ್ಟಿಯಲ್ಲಿ ನೋಡಿ ನೋಡಿ ಬಂದ ಸಂಖ್ಯೆ. ನಿಮ್ಮದು ಏಳಿರಬಹುದು, ಹತ್ತಿರಬಹುದು. ಒಂದು ಪುಸ್ತಕದಲ್ಲಿ ಬರೆದಿಡಿ, ಎರಡು ವರ್ಷದಲ್ಲಿ ಗೊತ್ತಾಗುತ್ತದೆ. ಹಗ್ಗ ಹಿರಿಯದ ಪಳಗಿದ ಜೋಡಿಗೆ ಸುತ್ತು ಕಡಿಮೆ, ಹಾಗಾಗಿ ಮೂರು ವಾರ ಸತತ ತಡೆಯುತ್ತವೆ, ಫೆಬ್ರವರಿ ದಾಟಿದ ಮೇಲೆ ವಾರ ಬಿಟ್ಟು ವಾರ. ಕನೆಹಲಗೆಯದ್ದು ಬೇರೆ ಕಥೆ. ಅಲ್ಲಿ ನೀರು ನಿಶಾನೆಗೆ, ಅಂದರೆ ಎತ್ತರದಲ್ಲಿ ಕಟ್ಟಿದ ಗುರುತಿಗೆ, ಚಿಮ್ಮಬೇಕು, ಓಟಕ್ಕಿಂತ ಬಲದ ಮಾತು. ಆ ಕೋಣಗಳನ್ನು ಸಾಕುವವರಿಗೆ ನಾನು ಬುದ್ಧಿ ಹೇಳುವುದಿಲ್ಲ. ಕಾಲುಬಾಯಿ ರೋಗವೋ ಚರ್ಮಗಂಟು ರೋಗವೋ ಆಸುಪಾಸಿನಲ್ಲಿ ಉಂಟು ಅಂತ ಕೇಳಿದರೆ ಯಾವ ಲೆಕ್ಕವೂ ಬೇಡ, ಲಾರಿ ಹತ್ತಿಸಬೇಡಿ.

ಸಂಶಯ ಬಂದರೆ ಕೇಳಬೇಕಾದ್ದು ಕೋಣವನ್ನೇ. ಸೋಮವಾರ ಬೆಳಿಗ್ಗೆ ಹುರುಳಿ ಇಟ್ಟಲ್ಲಿ ಇಟ್ಟ ಹಾಗೆ ಉಳಿದಿದೆಯಾ? ಮಂಗಳವಾರ ಮಲಗಿ ಮೆಲುಕು ಹಾಕುತ್ತಿದೆಯಾ, ಸುಮ್ಮನೆ ನಿಂತಿದೆಯಾ? ಏಳುವಾಗ ಒಂದು ಕಾಲಿನ ಮೇಲೆ ಭಾರ ಹಾಕದೆ ಏಳುತ್ತದಾ? ಗೊರಸು ಬಿಸಿಯಾ? ಬುಧವಾರ ಕೆರೆಗೆ ಇಳಿಸಿದರೆ ತಾನಾಗಿ ಈಜುತ್ತದಾ, ದಡಕ್ಕೆ ಬರಲು ನೋಡುತ್ತದಾ? ಎರಡಕ್ಕೆ ಉತ್ತರ ಸರಿ ಇಲ್ಲದಿದ್ದರೆ ಆ ವಾರ ಇಲ್ಲ.

ಬಿಡುವುದು ಅಂತಾದರೆ ಗುರುವಾರ ಸಂಜೆಯೊಳಗೆ ಹೇಳಿ. ಮೊದಲ ಫೋನು ಓಡಿಸುವವನಿಗೆ, ಅವನು ಬೇರೆ ಜೋಡಿ ನೋಡಿಕೊಳ್ಳಲಿ. ಎರಡನೆಯದು ಕಂಬಳದ ಯಜಮಾನರಿಗೆ, ನೀವೇ ಮಾಡಿ, ಹುಡುಗರಿಂದ ಮಾಡಿಸಬೇಡಿ. ಲಾರಿಯವನಿಗೆ ಕೊನೆಗೆ ಹೇಳಿದರೂ ನಡೆಯುತ್ತದೆ. ಸೀಸನಿನಲ್ಲಿ ಅವನಿಗೆ ಬಾಡಿಗೆಗೇನೂ ಬರವಿಲ್ಲ.